ಬಿಸಿ ಎಲೆಕ್ಟ್ರಾನಿಗೊಂದು ಕಿರುಬಾಗಿಲು

ಮುಂಬಯಿ, ಪುಣೆಯ ಸೊಸೈಟಿಗಳಲ್ಲಿ ಮನೆಗಳು ನಲವತ್ತು, ಟೆರೇಸ್ ಒಂದೇ. ಸೋಲಾರ್ ಮಾತು ಬಂದಾಗಲೆಲ್ಲ ಅದೇ ಪ್ರಶ್ನೆ: ಇಷ್ಟೇ ಜಾಗದಲ್ಲಿ ಇನ್ನಷ್ಟು ಕರೆಂಟು ಬರಲಾರದೇ? ಇವತ್ತು ಮಾರುಕಟ್ಟೆಯ ಒಳ್ಳೆಯ ಪ್ಯಾನೆಲ್ ಬಿಸಿಲಿನ ಶಕ್ತಿಯಲ್ಲಿ ಶೇ. 20ರಿಂದ 24ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಸಿಲಿಕಾನಿನಲ್ಲಿ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಅದಕ್ಕಿಂತ ಕಡಿಮೆ ಶಕ್ತಿಯ ಬೆಳಕು ಕೆಲಸಕ್ಕೆ ಬಾರದು. ನೀಲಿ ಬೆಳಕಿನ ಕಣವೋ 2.7ರಷ್ಟು ಹೊತ್ತು ತರುತ್ತದೆ. ಆ ಹೆಚ್ಚುವರಿ ಶಕ್ತಿಯಿಂದ ಎಲೆಕ್ಟ್ರಾನು 'ಬಿಸಿ'ಯಾಗುತ್ತದೆ. ಆದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನ ಆಸುಪಾಸಿನಲ್ಲೇ ಸುತ್ತಲ ಪರಮಾಣುಗಳನ್ನು ನಡುಗಿಸಿ ತಣ್ಣಗಾಗಿಬಿಡುತ್ತದೆ. ಪ್ಯಾನೆಲ್ ಕಾಯುತ್ತದೆ, ತಂತಿಗೆ ಏನೂ ದಕ್ಕದು. ಇಂಥ ನಷ್ಟಗಳಿಂದಾಗಿ ಒಂದೇ ಪದರದ ಕೋಶ ಹೆಚ್ಚೆಂದರೆ ಮೂರನೇ ಒಂದು ಪಾಲು ಕೊಟ್ಟೀತು. ಈ ಮಿತಿಯ ಲೆಕ್ಕಕ್ಕೆ 1961ರಲ್ಲಿ ದಾರಿ ಹಾಕಿದವರು ಶಾಕ್ಲಿ ಮತ್ತು ಕ್ವೈಸರ್.

ಬಿಸಿ ಆರುವ ಮುನ್ನವೇ ಎಲೆಕ್ಟ್ರಾನನ್ನು ಹೊರಗೆ ತಂದರೆ? 1982ರಲ್ಲಿ ರಾಸ್ ಮತ್ತು ನೋಜಿಕ್ ಕೇಳಿದ್ದು ಇದನ್ನೇ. ಅವರ ಲೆಕ್ಕಕ್ಕೆ ಸಿಕ್ಕ ಉತ್ತರ ಶೇ. 66! ಕಾಗದದ ಮೇಲೆ, ಅನ್ನಿ.

ತೊಡಕಿರುವುದು ಬಾಗಿಲಲ್ಲಿ. ಮಾಮೂಲಿ ಲೋಹದ ಸಂಪರ್ಕದಲ್ಲಿ ತಣ್ಣನೆಯ ಎಲೆಕ್ಟ್ರಾನುಗಳು ತುಂಬಿರುತ್ತವೆ. ಅಲ್ಲಿಗೆ ಬಿಸಿ ಎಲೆಕ್ಟ್ರಾನನ್ನು ಬಿಡುವುದೆಂದರೆ, ಒಂದು ಲೋಟ ಬಿಸಿ ಡಿಕಾಕ್ಷನ್ನನ್ನು ತಣ್ಣೀರಿನ ಹಂಡೆಗೆ ಸುರಿದ ಹಾಗೆ. ಹಾಗಾಗಿ ಸಂಪರ್ಕವೇ ಆಯ್ಕೆ ಮಾಡಬೇಕು: ಒಂದು ಗೊತ್ತಾದ ಶಕ್ತಿಮಟ್ಟದವರಿಗೆ ಮಾತ್ರ ಪ್ರವೇಶ. 1997ರಲ್ಲಿ ಜರ್ಮನಿಯ ಪೀಟರ್ ವುರ್ಫೆಲ್ ಇದನ್ನು ವಿವರಿಸಿದರು. ಉಳಿದ ಎಲೆಕ್ಟ್ರಾನುಗಳು ಒಳಗೇ ಒಂದಕ್ಕೊಂದು ಢಿಕ್ಕಿ ಹೊಡೆದು ಶಕ್ತಿ ಹಂಚಿಕೊಳ್ಳುತ್ತವೆ. ಆ ನೂಕುನುಗ್ಗಲಲ್ಲಿ ಇನ್ನೊಂದು ಸರಿಯಾದ ಮಟ್ಟಕ್ಕೇರಿ ಖಾಲಿಯಾದ ಸ್ಥಾನ ತುಂಬುತ್ತದೆ. ಹೀಗೆ ಶಾಖ ಒಳಗುಳಿದು, ವೋಲ್ಟೇಜು ಹೆಚ್ಚುತ್ತದೆ. ಎಲೆಕ್ಟ್ರಾನು ಬಿಟ್ಟುಹೋದ 'ಹೋಲ್'ಗಳಿಗೂ ಎದುರು ಬದಿಯಲ್ಲಿ ಇಂಥದೇ ಬಾಗಿಲು ಬೇಕು.

ಬಾಗಿಲು ಕಟ್ಟುವುದು ಹೇಗೆ? ಎರಡು ತೆಳು ನಿರೋಧಕ ಪದರಗಳ ನಡುವೆ ಕೆಲವೇ ನ್ಯಾನೋಮೀಟರಿನ ಸಿಲಿಕಾನ್ ಚುಕ್ಕೆಗಳನ್ನಿಟ್ಟರೆ, ಚುಕ್ಕೆಯ ಶಕ್ತಿಮಟ್ಟಕ್ಕೆ ಹೊಂದುವ ಎಲೆಕ್ಟ್ರಾನುಗಳೇ ಹೆಚ್ಚಾಗಿ ನುಸುಳುತ್ತವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್, ಗ್ಯಾವಿನ್ ಕಾನಿಬೀರ್ ಅವರ ತಂಡ ಇದರ ಮೇಲೆ ಬಹಳ ದುಡಿದಿದೆ. ಪೇಚಾಟ ಮಾತ್ರ ತಪ್ಪಿಲ್ಲ. ಬಾಗಿಲು ತೀರ ಕಿರಿದಾದರೆ ಕರೆಂಟು ಸೊರಗುತ್ತದೆ, ಅಗಲವಾದರೆ ಶಾಖ ಸೋರುತ್ತದೆ. ಚುಕ್ಕೆಗಳೋ ಒಂದೇ ಗಾತ್ರಕ್ಕೆ ಬರಲೊಲ್ಲವು. ಅದಕ್ಕೂ ಮೇಲೆ, ಎಲೆಕ್ಟ್ರಾನನ್ನು ಇನ್ನಷ್ಟು ಹೊತ್ತು ಬಿಸಿಯಾಗಿಡುವ ವಸ್ತುವೂ ಬೇಕು. ನನ್ನ ಕೇಳಿದರೆ, ಬಾಗಿಲಿಗಿಂತ ಇದೇ ದೊಡ್ಡ ತಲೆನೋವು.

ಪದರದ ಮೇಲೆ ಪದರ ಜೋಡಿಸುವ ದಾರಿ ಇದಕ್ಕಿಂತ ಮುಂದೆ ಹೋಗಿದೆ. ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಹಚ್ಚಿದ ಕೋಶ 2024ರಲ್ಲಿ ಪ್ರಯೋಗಾಲಯದಲ್ಲಿ ಶೇ. 34 ದಾಟಿತು. ಬಿಸಿ ಎಲೆಕ್ಟ್ರಾನಿನ ಪ್ಯಾನೆಲ್ ಮಾತ್ರ ಇನ್ನೂ ಅಂಗಡಿಗೆ ಬಂದಿಲ್ಲ. ನಿಮ್ಮ ಸೊಸೈಟಿ ಮೀಟಿಂಗಿನಲ್ಲಿ ಯಾರಾದರೂ ಶೇ. 60ರ ಪ್ಯಾನೆಲ್ ಮಾರಲು ಬಂದರೆ, ಚಹಾ ಕೊಟ್ಟು ಕಳಿಸಿಬಿಡಿ.