ಪೊರೆ ಬಿಡುವುದನ್ನು ಕಾಯುವ ಏಡಿ

ಹೊಳೆಗೆ ಇಳಿಸಿದ ಬಲೆಯಲ್ಲಿ ಒಮ್ಮೊಮ್ಮೆ ಏಡಿಗಳು ಜೋಡಿಯಾಗಿಯೇ ಮೇಲೆ ಬರುತ್ತವೆ. ಮೇಲೆ ದೊಡ್ಡ ಗಂಡು, ಅದರ ಕಾಲುಗಳ ನಡುವೆ ಅವುಚಿಕೊಂಡ ಹೆಣ್ಣು. ನೋಡಿದವರು ಕೂಡಿಕೆ ನಡೆದಿದೆ ಎಂದುಕೊಳ್ಳುತ್ತಾರೆ. ಆದರೆ ಅದಿನ್ನೂ ಕಾಯುವ ಹೊತ್ತು. ಹೆಣ್ಣು ಪೊರೆ ಬಿಡಬೇಕು.

ಗುಲ್ವಾಡಿ ಎಂಬ ಊರನ್ನು ಬಳಸಿ ಬರುವ ವಾರಾಹಿ ಹೊಳೆ, ಪಂಚಗಂಗಾವಳಿಯ ನೀರಿನೊಂದಿಗೆ ಗಂಗೊಳ್ಳಿ ಅಳಿವೆಯಲ್ಲಿ ಕಡಲು ಸೇರುತ್ತದೆ. ಸಿಹಿನೀರು, ಉಪ್ಪುನೀರು ಬೆರೆಯುವ ಇಲ್ಲಿನ ಕೆಸರು ಮತ್ತು ಕಾಂಡ್ಲಾ ಗಿಡಗಳ ಬುಡ ಕೆಸರೇಡಿಯ ಮನೆ. ಕೆಸರೇಡಿಗಳನ್ನೆಲ್ಲ ಒಂದೇ ಜಾತಿ ಎಂದು ಬಹುಕಾಲ ಕರೆದದ್ದುಂಟು. 1998ರಲ್ಲಿ ವಿಜ್ಞಾನಿ ಕೀನನ್ ಮತ್ತು ಸಂಗಡಿಗರು ಇವುಗಳಲ್ಲಿ ನಾಲ್ಕು ಜಾತಿಗಳಿವೆ ಎಂದು ವಿಂಗಡಿಸಿದರು. ನಮ್ಮ ದೇಶದ ಅಳಿವೆಗಳಲ್ಲಿ ಮುಖ್ಯವಾಗಿ ಸಿಗುವುದು ಎರಡು: ಸಿಲ್ಲಾ ಸೆರಾಟಾ ಮತ್ತು ಸಿಲ್ಲಾ ಒಲಿವೇಸಿಯಾ. ಇತಿಹಾಸ ಇಷ್ಟು ಸಾಕು. ಏಡಿಯ ಕತೆಗೇ ಬರೋಣ.

ಏಡಿಯ ಚಿಪ್ಪು ಬೆಳೆಯುವುದಿಲ್ಲ. ಮೈ ದೊಡ್ಡದಾಗಬೇಕಾದರೆ ಹಳೆಯದನ್ನು ಕಳಚಲೇಬೇಕು. ಪ್ರಾಯಕ್ಕೆ ಬರುವ ಹೆಣ್ಣಿಗೆ ಹಾಗೆ ಕಳಚುವ ಒಂದು ಸಲವೇ ಮದುವೆಯ ಮುಹೂರ್ತ. ಅದಕ್ಕೆ ಮೊದಲು ಅದರ ಹೊಟ್ಟೆಯಡಿಯ ಮುಚ್ಚಳ ತ್ರಿಕೋನದಂತಿರುತ್ತದೆ. ಆಮೇಲೆ ಅಗಲವಾಗಿ ದುಂಡಗಾಗುತ್ತದೆ. ಮುಹೂರ್ತ ಹತ್ತಿರವಾದಾಗ ಹೆಣ್ಣು ನೀರಿಗೆ ಬಿಡುವ ವಾಸನೆಯೇ ಗಂಡಿಗೆ ಕರೆ. ಅದು ಬಂದು ಹೆಣ್ಣನ್ನು ತಬ್ಬಿ, ಕೆಲವು ದಿನ ಹೊತ್ತುಕೊಂಡೇ ತಿರುಗುತ್ತದೆ. ಹೆಣ್ಣು ಪೊರೆ ಬಿಟ್ಟು ಮೆತ್ತಗಾದ ಮೇಲೆ ಅದನ್ನು ಅಂಗಾತ ಮಾಡಿಕೊಂಡು ಕೂಡುತ್ತದೆ. ಅದು ಗಂಟೆಗಟ್ಟಲೆಯ ಕೆಲಸ. ಮುಗಿದ ಮೇಲೂ ಬಿಟ್ಟು ಹೋಗುವುದಿಲ್ಲ. ಚಿಪ್ಪು ಗಟ್ಟಿಯಾಗುವ ತನಕ ಮೀನಿನ ಬಾಯಿಗೆ, ಬೇರೆ ಏಡಿಯ ಬಾಯಿಗೆ ಹೆಣ್ಣು ಬೀಳದಂತೆ ಕಾಯುತ್ತದೆ. ಇಷ್ಟು ಜಗಳಗಂಟ ಪ್ರಾಣಿಗೆ ಈ ತಾಳ್ಮೆ ಎಲ್ಲಿಂದ ಬಂತೋ!

ಹೆಣ್ಣು ಆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಡಬಲ್ಲದು. ಒಂದೇ ಕೂಡಿಕೆಯ ಬಲದಲ್ಲಿ ಒಂದಕ್ಕಿಂತ ಹೆಚ್ಚು ಸಲ, ಪ್ರತಿ ಸಲವೂ ಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲದು. ಆದರೆ ಹೊಳೆಯಲ್ಲಲ್ಲ. ಎಳೆಮರಿಗೆ ಕಡಲಿನ ಉಪ್ಪೇ ಬೇಕು. ತವರಿಗೆ ಬಾಣಂತನಕ್ಕೆ ಹೋಗುವಂತೆ ಹೆಣ್ಣು ಅಳಿವೆ ದಾಟಿ ಹೋಗುತ್ತದೆ.

ಪೊರೆಯ ಲೆಕ್ಕ ಜೇಡ ಸಾಕುವವರಿಗೂ ಇದೆ, ಆದರೆ ಬೇರೆ ರೀತಿಯದು. ಟರಾಂಟುಲಾ ಎಂಬ ದೈತ್ಯ ಜೇಡದ ಹೆಣ್ಣು ಪೊರೆ ಬಿಡುವಾಗ ವೀರ್ಯ ಕೂಡಿಟ್ಟ ಚೀಲದ ಒಳಪದರವೂ ಕಳಚಿಹೋಗುತ್ತದೆ. ಹಿಂದಿನ ಕೂಡಿಕೆ ವ್ಯರ್ಥ. ಹಾಗಾಗಿ ಸಾಕುವವರು ಪೊರೆ ಬಿಟ್ಟ ಮೇಲೆಯೇ ಗಂಡನ್ನು ಬಿಡುವುದು, ಅದೂ ವಾರಗಟ್ಟಲೆ ಕಾದು. ಬಿಳಿಯಾಗಿದ್ದ ವಿಷದ ಹಲ್ಲು ಕೆಂಪಾಗಿ, ಕಪ್ಪಾಗಿ ಗಟ್ಟಿಯಾಗಬೇಕು, ಹೆಣ್ಣು ಹೊಟ್ಟೆ ತುಂಬ ತಿಂದಿರಬೇಕು. ಹಸಿದ ಹೆಣ್ಣಿನೆದುರು ಬಿಟ್ಟರೆ ಗಂಡೇ ಊಟ. ಬಳ್ಳಾರಿಯಾಚೆಯ ಗುತ್ತಿಯ ನೀಲಿ ಜೇಡವನ್ನು ಪ್ರಾಣಿಶಾಸ್ತ್ರಜ್ಞ ಪೊಕಾಕ್ ಹೆಸರಿಸಿದ್ದು 1899ರಲ್ಲಿ. ಅದು ಇಂದು ವಿದೇಶಿ ಸಾಕಣೆದಾರರ ಗಾಜಿನ ಪೆಟ್ಟಿಗೆಗಳಲ್ಲಿ ಹೀಗೆಯೇ ಮರಿ ಮಾಡುತ್ತಿದೆ, ತನ್ನ ಕಾಡಿನಲ್ಲಿ ಅಳಿವಿನಂಚಿನಲ್ಲಿದೆ.  

ಮತ್ತೆ ಏಡಿಗೆ ಬಂದರೆ, ಹೊಳೆಯವರ ಕಸುಬಿನಲ್ಲಿ ಈ ಪೊರೆಯ ಜ್ಞಾನ ಇರುವುದು ಬೆರಳಿನಲ್ಲಿ. ಅಡಿಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಮಾಂಸ ತುಂಬಿದೆಯೋ ಬರೀ ನೀರೋ ತಿಳಿಯುತ್ತದೆ. ಅಮಾವಾಸ್ಯೆಯ ಏಡಿಗೆ ಮಾಂಸ ಹೆಚ್ಚು ಎನ್ನುವ ಮಾತೂ ಇದೆ. ಪೊರೆ ಬಿಟ್ಟು ಹೆಚ್ಚು ದಿನವಾಗದ ನೀರೇಡಿಗೆ ಬೆಲೆಯಿಲ್ಲ. ಅದನ್ನು ಪಂಜರದಲ್ಲಿಟ್ಟು, ಅಗ್ಗದ ಮೀನು ಹಾಕಿ ಮೂರು ನಾಲ್ಕು ವಾರ ಕೊಬ್ಬಿಸಿದರೆ ಅದೇ ಏಡಿ ಒಳ್ಳೆಯ ದರಕ್ಕೆ ಹೋಗುತ್ತದೆ. ಕೊಂಡಿ ಕಟ್ಟುವುದಕ್ಕೂ ಕೈಚಳಕ ಬೇಕು. ತಪ್ಪಿದರೆ ಬೆರಳು ಹೋದೀತು.

ಕೊಬ್ಬಿಸುವುದು ಸಾಧ್ಯವಾದರೂ ಮರಿ ಮಾಡಿಸುವುದು ಹೊಳೆಯ ದಂಡೆಯಲ್ಲಿ ಆಗುವ ಮಾತಲ್ಲ. ತಮಿಳುನಾಡಿನ ಸೀರ್ಕಾಳಿ ಬಳಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರ ಕೆಸರೇಡಿಯ ಮರಿ ಮಾಡಿಸಿದೆ. ಅಲ್ಲಿಯೂ ಮರಿಗಳಲ್ಲಿ ಉಳಿಯುವುದು ಸ್ವಲ್ಪವೇ. ಎಳೆಮರಿಯ ಐದು ಹಂತ ದಾಟಿದವು ಒಂದನ್ನೊಂದು ತಿಂದುಬಿಡುತ್ತವೆ. ಹೀಗಾಗಿ ಸಾಕುವವರು ಮರಿಗಾಗಿ ಮತ್ತೆ ಹೊಳೆಗೇ ಕೈ ಹಾಕುತ್ತಾರೆ. ಹೊಳೆ ಎಷ್ಟನ್ನು ಕೊಟ್ಟೀತು?

ಆದ್ದರಿಂದ ಏಡಿ ಹಿಡಿಯುವವರಲ್ಲಿ, ಕೊಳ್ಳುವವರಲ್ಲಿ ಒಂದು ಬಿನ್ನಹ. ಜೋಡಿಯಾಗಿ ಬಂದ ಏಡಿಗಳನ್ನು ಬಿಡಿಸದೆ ಹಾಗೆಯೇ ನೀರಿಗೆ ಬಿಡಿ. ಹೊಟ್ಟೆಯಡಿ ಮೊಟ್ಟೆಯ ಗೊಂಚಲು ಹೊತ್ತ ಹೆಣ್ಣು ಮಾರುಕಟ್ಟೆಯಲ್ಲಿ ಕಂಡರೆ, ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳಬೇಡಿ.