ಹಾಡು ಹೊಸದು, ಹಣೆಪಟ್ಟಿ ಜಾನಪದ

ಕಡೇಚೂರು, ಸೈದಾಪುರದ ಕಡೆ ಭಜನೆ, ತತ್ವಪದ, ಮೊಹರಂ ಪದಗಳಿಗೆ ಮೇಳಗಳಿವೆ. ಆ ಮೇಳಗಳ ಹೊರಗೆ ಒಬ್ಬರೇ ಕೂತು ಪ್ರೇಮಗೀತೆ, ಜಾತ್ರೆಯ ಹಾಡು, ಚುನಾವಣೆಯ ಪ್ರಚಾರಗೀತೆ ಬರೆಯುವವರೂ ಇದ್ದಾರೆ. ಅವರಿಗೆ ಕೆಲಸ ಕೊಡುವುದು ಹೆಚ್ಚಾಗಿ ಯೂಟ್ಯೂಬ್ ಚಾನೆಲ್‌ಗಳು. ಅಲ್ಲಿ ಹೊಸ ಹಾಡಿಗೂ ‘ಜಾನಪದ’ ಎಂಬ ಹಣೆಪಟ್ಟಿ ಬೀಳುತ್ತದೆ. ಬರೆದವರ ಹೆಸರು ಬಿಟ್ಟುಹೋಗುತ್ತದೆ. ಹೆಸರಿಲ್ಲದ ಹಾಡಿನ ದುಡ್ಡು ಬರೆದವರನ್ನು ಹುಡುಕಿಕೊಂಡು ಬರುವುದಿಲ್ಲ.

ಕಡಕೋಳದ ಮಡಿವಾಳಪ್ಪನವರಂಥ ತತ್ವಪದಕಾರರು ಅಂಕಿತವನ್ನು ಪದದೊಳಗೇ ಇಟ್ಟರು, ಯಾರು ಹಾಡಿದರೂ ಕರ್ತೃ ಯಾರೆಂದು ತಿಳಿಯುತ್ತಿತ್ತು. ಈಗ ಆ ಕೆಲಸ ಮಾಡುವುದು ಅಪ್‌ಲೋಡ್ ಮಾಡುವಾಗ ತುಂಬುವ ‘ಸಾಹಿತ್ಯ’ದ ಕಾಲಂ. ಅದನ್ನು ಹಟ ಹಿಡಿದು ತುಂಬಿಸಬೇಕು.

ಹಾಡು ಬರೆದಿಟ್ಟ ಕ್ಷಣದಿಂದಲೇ ಹಕ್ಕುಸ್ವಾಮ್ಯ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಬರೆದವರ ಕಾಲಾನಂತರವೂ ಅದು 60 ವರ್ಷ ಉಳಿಯುತ್ತದೆ. ಹಕ್ಕನ್ನು ವರ್ಗಾಯಿಸಲು ಸಹಿ ಮಾಡಿದ ಕರಾರು ಬೇಕು, ಬಾಯಿಮಾತು ಸಾಲದು. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯಂತೂ ಬಡ ಗೀತರಚನಕಾರರಿಗೆ ದೊಡ್ಡ ಆಸರೆ. ಧ್ವನಿಮುದ್ರಿತ ಹಾಡು ಬಳಕೆಯಾದಾಗ ಬರುವ ರಾಯಧನದಲ್ಲಿ ಹಕ್ಕು ಕೊಂಡವರೊಂದಿಗೆ ಬರೆದವರಿಗೂ ಸಮಪಾಲು ಇದೆ. ‘ಒಂದೇ ಸಲ ದುಡ್ಡು ಕೊಟ್ಟೆವು, ಇನ್ನೇನೂ ಕೇಳಬೇಡಿ’ ಎಂದು ಬರೆಸಿಕೊಂಡರೆ ಆ ಷರತ್ತು ನಿಲ್ಲುವುದಿಲ್ಲ. ಸ್ಟುಡಿಯೊದಲ್ಲಿ ಕಾಗದ ಮುಂದಿಟ್ಟಾಗ ಇದು ನೆನಪಿರಲಿ.

ಈ ರಾಯಧನವನ್ನು ಸಂಗ್ರಹಿಸಿ ಹಂಚುವುದು 1969ರಲ್ಲಿ ಶುರುವಾದ, ಮುಂಬೈಯಲ್ಲಿರುವ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್. ಸದಸ್ಯರಾದರಷ್ಟೇ ಸಾಲದು, ಪ್ರತಿ ಹಾಡಿನ ವಿವರವನ್ನೂ ಅಲ್ಲಿ ದಾಖಲಿಸಬೇಕು. ಊರ ಚಾನೆಲ್‌ನ ಸಣ್ಣ ಹಾಡಿಗೆ ಇದರಿಂದ ತಕ್ಷಣ ದೊಡ್ಡ ಮೊತ್ತ ಬರಲಾರದು. ಆದರೆ ಹಾಡು ಗೆದ್ದಮೇಲೆ ದಾಖಲೆ ಹುಡುಕುತ್ತ ಅಲೆಯುವುದಕ್ಕಿಂತ ಮೊದಲೇ ಮಾಡಿಡುವುದು ಒಳ್ಳೆಯದು. ಬರೆದ ದಿನವೇ ಹಾಡನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಕೊಂಡರೆ ತಾರೀಖಿಗೆ ಒಂದು ಪುರಾವೆಯಾಗುತ್ತದೆ.

ನಮ್ಮ ಕಡೆ ಹೆಚ್ಚು ಗೊಂದಲವಿರುವುದು ಧಾಟಿಯ ವಿಷಯದಲ್ಲಿ. ಹಳೆಯ ಕೋಲಾಟದ ಧಾಟಿಗೆ ಹೊಸ ಮಾತು ಕೂಡಿಸಿದರೆ ಧಾಟಿ ಎಲ್ಲರದು, ಮಾತು ನಿಮ್ಮದು. ‘ಧಾಟಿ: ಸಾಂಪ್ರದಾಯಿಕ’ ಎಂದು ಬರೆಸಿ, ಸಾಹಿತ್ಯಕ್ಕೆ ನಿಮ್ಮ ಹೆಸರನ್ನೇ ಹಾಕಿಸಿ. ಸಿನಿಮಾ ಧಾಟಿಯಾದರೆ ಅದರ ಮಾಲೀಕರ ಅನುಮತಿ ಬೇಕು. ಚುನಾವಣೆಯ ಹಾಡುಗಳಲ್ಲಿ ಇದನ್ನು ಕೇಳುವವರೇ ಕಡಿಮೆ. ಯೂಟ್ಯೂಬ್ ಆ ಧಾಟಿಯನ್ನು ಗುರುತಿಸಿದರೆ ಜಾಹೀರಾತಿನ ಹಣ ಮಾಲೀಕರತ್ತ ಹೋಗಬಹುದು, ವಿಡಿಯೊ ಕೂಡ ನಿಲ್ಲಬಹುದು. ಅಂಥ ಕೆಲಸ ಬಂದರೆ ಅನುಮತಿಪತ್ರ ತೋರಿಸಲು ಹೇಳಿ. ಪತ್ರವಿಲ್ಲ ಎಂದರೆ ಹೊಸ ಧಾಟಿ ಕಟ್ಟಿಸಲು ಹೇಳಿ, ಆಮೇಲೆ ಬರೆಯಿರಿ.