ಸಂತೆ ಚೌಕಾಸಿ, ಫ್ಯಾಕ್ಟರಿ ಚೌಕಾಸಿ

ದನದ ಸಂತೆಯಲ್ಲಿ ದಲ್ಲಾಳಿ ಟವಲ್ಲಿನಡಿ ಬೆರಳು ಹಿಡಿದು ರೇಟು ಕುದುರಿಸೋದು ನಮ್ಮ ಸೀಮೆಯ ರೈತರಿಗೆ ಹೊಸದಲ್ಲ. ಒಂದು ಜೊತೆ ಎತ್ತಿಗೆ ಅದು ಸಾಕು. ಸಾವಿರ ಜನರ ಸಂಬಳ, ಪಾಳಿ, ಬೋನಸ್ಸಿನ ಮಾತು ಹಾಗೆ ಮುಗಿಯುವಂಥದ್ದಲ್ಲ.

ರಾಜಾಜಿಯವರು 1878ರಲ್ಲಿ ಹುಟ್ಟಿದ ಊರು ನಮ್ಮ ತೊರಪಲ್ಲಿ ಅಗ್ರಹಾರ. ಪಕ್ಕದ ಹೊಸೂರಿನಲ್ಲಿ 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಶುರುವಾಯಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಅಪ್ಪ ರಾಗಿ ಹೊಲ ನೋಡಿದರೆ ಮಗ ರಾತ್ರಿ ಪಾಳಿಗೆ ಹೋಗ್ತಾನೆ. ಹಾಗಾಗಿ ವೇತನ ಒಪ್ಪಂದ ನಮ್ಮ ಮನೆಯ ವಿಷಯವೂ ಹೌದು.

ಸಂಘದವರು ಬೇಡಿಕೆ ಪಟ್ಟಿ ಕೊಡುತ್ತಾರೆ. ಆಡಳಿತದವರು ಉತ್ಪಾದನೆ ಹೆಚ್ಚಿಸಿ ಅಂತಾರೆ. ಹೊಂದದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿ ಮಧ್ಯೆ ಕೂರುತ್ತಾರೆ. ಅವರ ಸಮ್ಮುಖದಲ್ಲಿ ಆದ ಒಪ್ಪಂದ ಸಂಘಕ್ಕೆ ಸೇರದ ಕಾರ್ಮಿಕನಿಗೂ ಅನ್ವಯಿಸುತ್ತದೆ.

ಮಾತು ಮುರಿದರೆ ಏನಾಗುತ್ತದೆ? ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ 77 ದಿನ ಮುಷ್ಕರ ನಡೆಯಿತು. ನಮ್ಮದೇ ರಾಜ್ಯದ ಶ್ರೀಪೆರಂಬುದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ 2024ರ ಸೆಪ್ಟೆಂಬರ್ 9ರಿಂದ ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಕೂತರು. ಸಂಬಳದ ಜೊತೆಗೆ ಅವರು ಕೇಳಿದ್ದು ಸಂಘಕ್ಕೆ ಮಾನ್ಯತೆ. ಸರ್ಕಾರ ನಡುವೆ ಬಂದು, 37ನೇ ದಿನ ಮುಷ್ಕರ ನಿಂತಿತು. ಸಂಘ ನೋಂದಣಿಯಾಗಿದ್ದು 2025ರ ಜನವರಿಯಲ್ಲಿ. ಇಂಥ ದಿನಗಳಲ್ಲಿ ಕಾರ್ಮಿಕನ ಮನೆಯಷ್ಟೇ ಅಲ್ಲ, ದಿನಸಿ ಅಂಗಡಿಯ ಉದ್ರಿ ಪುಸ್ತಕವೂ ಭಾರವಾಗುತ್ತದೆ. ವ್ಯಾಪಾರಸ್ಥರಿಗೆ ಇದು ಗೊತ್ತು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಲವು ಸಂಘಗಳಿರುವ ಕಡೆ ಶೇ. 51 ಕಾರ್ಮಿಕರ ಬೆಂಬಲ ಇರುವ ಸಂಘವೇ ಮಾತುಕತೆಗೆ ಕೂರಬೇಕು. ಯಾರಿಗೂ ಅಷ್ಟು ಬಲ ಇಲ್ಲದಿದ್ದರೆ ಶೇ. 20 ಬೆಂಬಲ ಇರುವ ಸಂಘಗಳು ಸೇರಿ ಒಂದು ಮಂಡಳಿಯಾಗಬೇಕು. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸು ಕೊಡಬೇಕು. ಹಿಂದೆ ನೋಟಿಸಿನ ಕಟ್ಟಳೆ ಇದ್ದದ್ದು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ.

ನನ್ನ ಚಿಂತೆ ಬೇರೆ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರಿರುವ ಹುಡುಗ ಕಾಯಂ ನೌಕರನ ಪಕ್ಕದಲ್ಲೇ ದುಡಿಯುತ್ತಾನೆ. ಆದರೆ ಮಾತುಕತೆಯ ಮೇಜಿನ ಹತ್ತಿರ ಅವನ ಪರವಾಗಿ ಸಾಮಾನ್ಯವಾಗಿ ಯಾರೂ ಇರೋದಿಲ್ಲ. ಬೆಳೆದ ಟೊಮ್ಯಾಟೊಗೆ ಬೇರೆಯವರು ಬೆಲೆ ಕಟ್ಟಿದಾಗ ನಮಗೆ ಆಗುವ ಸಂಕಟ ಇದೇ ಅಲ್ಲವೇ?

'ಅಡಗಂದೇ ಅಮ್ಮೈನಾ ಪೆಟ್ಟದು' ಅಂತಾರೆ ತೆಲುಗಿನಲ್ಲಿ. ಕೇಳದೆ ಹೆತ್ತ ತಾಯಿಯೂ ಬಡಿಸೋದಿಲ್ಲ. ಕೇಳೋದಕ್ಕೆ ಮುಂಚೆ ತಿಳಿದಿರಬೇಕು. ಮಗ ಕೆಲಸಕ್ಕೆ ಸೇರಿದ ದಿನವೇ ವಿಚಾರಿಸಿ: ಹೆಸರು ಯಾರ ಪುಸ್ತಕದಲ್ಲಿದೆ, ಸಂಘ ಉಂಟಾ, ಒಪ್ಪಂದದಲ್ಲಿ ಏನು ಬರೆದಿದೆ?